ಸೈಕಲ್ ಪ್ರವಾಸಿಗೊಂದು ಮಳೆಹೊದಿಕೆ

ಮಕ್ಕಳು ಸೈಕಲ್ಲನ್ನೇರಿ ನಾಲ್ಕಾರು ದಿನಗಳ ಪ್ರವಾಸಕ್ಕೆ ಹೊರಟುನಿಂತರೆ ತಾಯಂದಿರಿಗೆ ಮೊದಲು ತೋರುವ ಭಯ ಮಳೆಯದು. ಈ ಭಯ ನಿರಾಧಾರವಲ್ಲ. ತೊಯ್ದ ಮೈಯಲ್ಲಿ ಗಾಳಿಗೆದುರಾಗಿ ಘಟ್ಟವಿಳಿಯುವಾಗ ದೇಹದ ಉಷ್ಣವು ಬಲುಬೇಗ ಕುಂದುತ್ತದೆ. ಬೆರಳುಗಳು ಮರಗಟ್ಟಿ ಬ್ರೇಕನ್ನು ಹಿಡಿಯಲಾರವು. ಆದರೆ ಇದಕ್ಕಾಗಿ ಸಾವಿರಾರು ರೂಪಾಯಿಗಳ ಉಡುಪನ್ನೇ ಕೊಳ್ಳಬೇಕೆಂಬುದು ಸರಿಯಲ್ಲ. ಹೊಲಿಗೆಯಂತ್ರವಿರುವ ಮನೆಯಲ್ಲಿ ಅದನ್ನು ನಾವೇ ಸಿದ್ಧಪಡಿಸಬಹುದು.

ಸೈಕಲ್ ತುಳಿಯುವವನನ್ನು ತೋಯಿಸುವುದು ಮಳೆಯೊಂದೇ ಅಲ್ಲ, ಅವನ ಬೆವರೂ ಹೌದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಲೇಪಿಸಿ ನೀರು ನುಸುಳದ ವಸ್ತ್ರಕ್ಕೆ ಹಕ್ಕುಪತ್ರ ಪಡೆದನು. ಹೊರಗಿನ ನೀರೇನೋ ತಡೆಯಿತು. ಒಳಗಿನ ಆವಿಗೂ ದಾರಿಯಿಲ್ಲದಾಯಿತು. ಇಂದಿನ ಪ್ಲಾಸ್ಟಿಕ್ ಕೋಟಿನ ದೋಷವೂ ಇದೇ. ಆವಿಯನ್ನು ಹೊರಬಿಡುವ ನವೀನ ಬಟ್ಟೆಗಳುಂಟು; ಅವು ದುಬಾರಿ, ಏರುದಾರಿಯ ಬೆವರಿಗೆ ಸಾಲುವುದೂ ಇಲ್ಲ.

ಇದಕ್ಕೆ ಪರಿಹಾರ ಕೆಳಗೆ ತೆರೆದಿರುವ ಹೊದಿಕೆ. ನಮ್ಮ ಮಲೆನಾಡಿನ ರೈತನ ಕಂಬಳಿಕೊಪ್ಪೆಯ ಜಾಣ್ಮೆಯೂ ಅದೇ ಅಲ್ಲವೆ? ಸವಾರನ ತಲೆಯಿಂದ ಹಿಡಿದು ಮುಂದೆ ಹ್ಯಾಂಡಲ್ಲಿನವರೆಗೆ, ಹಿಂದೆ ಸೀಟಿನವರೆಗೆ ಅದು ಹರಡಿರಬೇಕು. ಅಳತೆಗೆ ಹಳೆಯ ಹಾಸುಬಟ್ಟೆಯೇ ಸಾಕು. ಮಗನನ್ನು ಸೈಕಲ್ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿಸಿ, ಅವನ ಮೇಲೆ ಅದನ್ನು ಹೊದಿಸಿ ಗುರುತು ಮಾಡಿರಿ; ನಿಂತವನ ಅಳತೆ ಇಲ್ಲಿ ಉಪಯೋಗಕ್ಕೆ ಬಾರದು.

ಚದರ ಮೀಟರಿಗೆ ಸುಮಾರು 50 ಗ್ರಾಂ ತೂಗುವ ಸಿಲಿಕೋನ್ ಲೇಪಿತ ನೈಲಾನ್ ಇದಕ್ಕೆ ಉತ್ತಮ. ಒಂದೂವರೆ ಮೀಟರ್ ಅಗಲದ ಬಟ್ಟೆ ಎರಡೂವರೆ ಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹೊದಿಕೆಯ ತೂಕ 200 ಗ್ರಾಂ ಆಸುಪಾಸು. ಈ ಬಟ್ಟೆ ಬಲು ಜಾರುತ್ತದೆ. ಗುಂಡುಸೂಜಿ ಚುಚ್ಚಿದಲ್ಲೆಲ್ಲ ತೂತು ಉಳಿಯುವುದರಿಂದ ಕ್ಲಿಪ್ಪುಗಳನ್ನೇ ಬಳಸತಕ್ಕದ್ದು. ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ, ತುಸು ಉದ್ದನೆಯ ಹೊಲಿಗೆ. ಅಂಚುಗಳನ್ನು ಒಂದರೊಳಗೊಂದು ಮಡಚಿ, ಜೀನ್ಸ್ ಪ್ಯಾಂಟಿನಲ್ಲಿರುವಂತೆ ಎರಡು ಸಾಲು ಹೊಲಿಯಬೇಕು. ಭುಜದ ಮೇಲೆ ಹೊಲಿಗೆ ಬಾರದಂತೆ ಕತ್ತರಿಸುವುದು ಜಾಣತನ. ಹೊಲಿಗೆಯ ತೂತುಗಳನ್ನು ಮುಚ್ಚಲು ಸಿಲಿಕೋನ್ ಅಂಟನ್ನು ಬಣ್ಣದಂಗಡಿಯ ಮಿನರಲ್ ಟರ್ಪೆಂಟೈನಿನಲ್ಲಿ ತೆಳುಮಾಡಿ ಬಳಿಯಿರಿ. ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಲಿ. ಒಂದು ದಿನ ಒಣಗಿದ ಮೇಲೆ ಒಂದು ಕೊಡ ನೀರು ಸುರಿದು ಪರೀಕ್ಷಿಸಿರಿ.

ಗಾಳಿಗೆ ಹೊದಿಕೆ ಹಾಯಿಯಂತೆ ಉಬ್ಬುತ್ತದೆ. ಆದ್ದರಿಂದ ಮುಂದಿನ ಅಂಚಿನೊಳಗೆ ಹೆಬ್ಬೆರಳಿಗೆ ಎರಡು ಕುಣಿಕೆ, ಹಿಂಭಾಗದೊಳಗೆ ಸೊಂಟಕ್ಕೆ ಕಟ್ಟುವ ಲಾಡಿ ಅವಶ್ಯ. ಹಿಂದಿನ ಅಂಚು ಚಕ್ರವನ್ನು ಮುಟ್ಟಕೂಡದು. ಕೆಳಗಿನಿಂದ ಸಿಡಿಯುವ ಕೆಸರನ್ನು ಇದು ತಡೆಯಲಾರದು, ಅದಕ್ಕೆ ಮಡ್‌ಗಾರ್ಡೇ ಬೇಕು. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಮಳೆಯ ಮಬ್ಬಿನಲ್ಲಿ ಲಾರಿ ಚಾಲಕನಿಗೆ ಕಪ್ಪುಬಣ್ಣ ಕಾಣದು. ಹ್ಯಾಂಡಲ್ಲಿನ ದೀಪ ಹೊದಿಕೆಯಡಿ ಮುಚ್ಚಿಹೋಗುವುದರಿಂದ ಅದನ್ನು ಮುಂಚಕ್ರದ ಕವಲಿಗೆ ಇಳಿಸಬೇಕು. ಬಿರುಗಾಳಿಯೆದ್ದಾಗ ಮಾತ್ರ ಹೊದಿಕೆಯನ್ನು ಸುತ್ತಿಟ್ಟು ಯಾವುದಾದರೂ ಸೂರಿನಡಿ ನಿಲ್ಲುವಂತೆ ಮಕ್ಕಳಿಗೆ ಹೊರಡುವ ಮುನ್ನವೇ ಹೇಳಿರಿ.