ಪೆಟ್ಟಿಗೆ ನಮ್ಮದು, ದನಿ ಅವರದು

ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಈಚೆಗೆ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಒಂದು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಅದರ ಆಂಟೆನಾ, ಚಪ್ಪಟೆಯಾದ ಪುಟ್ಟ ಬಿಲ್ಲೆ. ಪ್ಲಗ್ ಹಾಕಿದರೆ ಪರದೆಗೆ ಬೆಳಕು ಬಂತು. ಸ್ಪೀಕರಿಗೂ ಏನೂ ಆಗಿರಲಿಲ್ಲ. ಆದರೆ ಆ ಆಂಟೆನಾ ಹಿಡಿಯಬೇಕಾದ ಹಾಡು ಈಗ ಆಕಾಶದಲ್ಲಿಲ್ಲ. ಅಂಗಡಿಯವರು ಅದನ್ನು ತೂಕದ ಸಾಮಾನಿನ ರಾಶಿಗೆ ಸೇರಿಸಿದ್ದರು.

ಆ ರೇಡಿಯೋ ಕೇಳಿದವರಿಗೆ ಅದರ ರುಚಿ ಗೊತ್ತು. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ 1990ರಲ್ಲಿ ಕಟ್ಟಿದ ಕಂಪನಿ ಅದು. ಏಷ್ಯಾಕ್ಕೆಂದೇ ಮಾಡಿದ ಏಷ್ಯಾಸ್ಟಾರ್ ಉಪಗ್ರಹ 2000ದ ಮಾರ್ಚ್‌ನಲ್ಲಿ ಮೇಲೇರಿತು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದ್ದ ಅದನ್ನು ಹಿಡಿಯಲು ಬೆಂಗಳೂರಿನವರು ಪೂರ್ವದ ಕಿಟಕಿಯಲ್ಲಿ, ತುಸು ದಕ್ಷಿಣಕ್ಕೆ ವಾಲಿಸಿ ಆಂಟೆನಾ ಇಡುತ್ತಿದ್ದರು. ತೆಂಗಿನ ಗರಿ ಅಡ್ಡ ಬಂದರೆ ದನಿ ಕಡಿದುಹೋಗುತ್ತಿತ್ತು. ಅಡ್ಡಿಯಿಲ್ಲದಿದ್ದರೆ ಮಲೆನಾಡಿನ ತೋಟದ ಮನೆಗೂ ಜಯನಗರದ ಮಹಡಿಗೂ ಒಂದೇ ತಿಳಿಯಾದ ದನಿ, ಕರಕರ ಸದ್ದಿಲ್ಲ. ಕನ್ನಡಕ್ಕೆ ‘ಸ್ಪರ್ಶ’ ವಾಹಿನಿ, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತವರಿಗೂ ಅಲ್ಲಿ ಯಾರಾದರೊಬ್ಬರು ರಾಗಾಲಾಪನೆ ಮಾಡುತ್ತಿದ್ದರು.

ಕಂಪನಿ 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದ ಸೇವೆ 2009ರ ಡಿಸೆಂಬರ್ 31ಕ್ಕೆ ನಿಂತಿತು. ಜಗತ್ತಿನ ಚಂದಾದಾರರಲ್ಲಿ ಹೆಚ್ಚಿನವರು ನಮ್ಮ ದೇಶದವರೇ ಆಗಿದ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಅಷ್ಟೂ ಮನೆಗಳಲ್ಲಿ ಕೆಡದೇ ಇದ್ದ ಪೆಟ್ಟಿಗೆಗಳು ಒಟ್ಟಿಗೆ ಮೂಕವಾದವು. ಆಕಾಶವಾಣಿ ಹಿಡಿಯುವ ಹಳೇ ಟ್ರಾನ್ಸಿಸ್ಟರ್‌ಗೆ ಈ ಗತಿಯಿಲ್ಲ. ಯಾವ ಕಂಪನಿಯ ಎಫ್‌ಎಂ ಸೆಟ್ಟಾದರೂ ಯಾವ ನಿಲಯವನ್ನಾದರೂ ಹಿಡಿಯುತ್ತದೆ, ಅದನ್ನು ಮಾಡಿದವರು ಮುಳುಗಿದರೂ ಹಾಡುತ್ತದೆ. ವರ್ಲ್ಡ್‌ಸ್ಪೇಸ್ ಪೆಟ್ಟಿಗೆಗೆ ಒಂದೇ ಒಡೆಯ, ಒಂದೇ ಬೀಗ.

ಅಮೆರಿಕದ ಸಿರಿಯಸ್ ಎಕ್ಸ್‌ಎಂ ಎಂಬ ಉಪಗ್ರಹ ರೇಡಿಯೋ ಇಂದಿಗೂ ಬದುಕಿದೆ. ಅಲ್ಲಿ ಹೊಸ ಕಾರಿನೊಳಗೇ ಅದು ಕೂತು ಬರುತ್ತದೆ, ದೂರದೂರದ ಹೆದ್ದಾರಿಗಳಲ್ಲಿ ಎಫ್‌ಎಂ ಕೈಕೊಟ್ಟರೂ ಇದು ಬಿಡುವುದಿಲ್ಲ. ಅಲ್ಲಿರುವ ಮಕ್ಕಳು ಪ್ರೀತಿಯಿಂದ ಅದರ ಸೆಟ್ ತಂದುಕೊಟ್ಟರೆ ಮಾತ್ರ ಇಲ್ಲಿ ಉಪಯೋಗವಿಲ್ಲ. ಅದರ ಉಪಗ್ರಹಗಳು ಉತ್ತರ ಅಮೆರಿಕಕ್ಕಷ್ಟೇ ಬಿತ್ತರಿಸುತ್ತವೆ.

ಹಳೇ ಕತೆ ಎಂದು ಬಿಡುವ ಹಾಗಿಲ್ಲ. ಕಾರಿನಲ್ಲಿ ಹಾಡು ಕೇಳಲೆಂದು ಸ್ಪಾಟಿಫೈ 2022ರಲ್ಲಿ ಅಮೆರಿಕದಲ್ಲಿ ‘ಕಾರ್ ಥಿಂಗ್’ ಎಂಬ ಸಾಧನ ಮಾರಿತು. ಚಿಕ್ಕ ಟಚ್ ಸ್ಕ್ರೀನ್, ಪಕ್ಕದಲ್ಲೊಂದು ತಿರುಗಣೆ. 2024ರ ಡಿಸೆಂಬರ್ 9ರಂದು ಕಂಪನಿಯೇ ಅದನ್ನು ನಿಲ್ಲಿಸಿತು. ಕೊಂಡವರ ಕೈಯಲ್ಲಿ ಉಳಿದದ್ದು ಕಪ್ಪು ಗಾಜು.

ಪೆಟ್ಟಿಗೆಯ ಬೀಗ ಯಾರ ಕೈಯಲ್ಲಿದೆ ಎಂದು ನಾವು ಅಂಗಡಿಯಲ್ಲಿ ಕೇಳುವುದಿಲ್ಲ. ಅದರ ಟಚ್ ಸ್ಕ್ರೀನ್ ಬಗ್ಗೆಯೂ ಕೇಳುವುದು ಇಂಚು, ಬೆಲೆ ಎರಡೇ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಒತ್ತುವ ಜಾತಿ. ಎರಡು ತೆಳು ಪದರಗಳ ನಡುವೆ ಕೂದಲೆಳೆಯ ಅಂತರ, ಒತ್ತಿದಲ್ಲಿ ಎರಡೂ ತಾಗಿ ವಿದ್ಯುತ್ ಹರಿಯುತ್ತದೆ. ಉಗುರು, ಪೆನ್ನು, ಕೈಗವಸು ಯಾವುದಾದರೂ ನಡೆಯುತ್ತದೆ. ಇನ್ನೊಂದು ಮುಟ್ಟುವ ಜಾತಿ, ಈಗಿನ ಫೋನುಗಳಲ್ಲಿರುವುದು. ಗಾಜಿನಡಿಯ ವಿದ್ಯುತ್ ಕ್ಷೇತ್ರವನ್ನು ನಮ್ಮ ಬೆರಳು ತುಸು ಕದಡುತ್ತದೆ, ಯಂತ್ರ ಅದನ್ನೇ ಲೆಕ್ಕಹಾಕುತ್ತದೆ. ಒತ್ತಬೇಕಿಲ್ಲ, ಸವರಿದರೆ ಸಾಕು. ಆದರೆ ನೀರೂ ಆ ಕ್ಷೇತ್ರವನ್ನು ಕದಡುತ್ತದೆ.

ಇದರ ಕಷ್ಟ ಅಡುಗೆಮನೆಯಲ್ಲಿ ನೋಡಬೇಕು. ಇಂಡಕ್ಷನ್ ಒಲೆಯ ಮೇಲೆ ಹಾಲಿಟ್ಟು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಉಕ್ಕಿ, ನೊರೆ ಗಾಜಿನ ಮೇಲೆ ಹರಿದು ಟಚ್ ಗುಂಡಿಗಳನ್ನು ಮುಚ್ಚುತ್ತದೆ. ಒಲೆ ಕುಂಯ್‌ಗುಡುತ್ತದೆ. ಕೈಯೂ ಒದ್ದೆ. ಎಲ್ಲಿ ಮುಟ್ಟಿದರೂ ಆರುವುದಿಲ್ಲ, ಕೊನೆಗೆ ಪಾತ್ರೆಯನ್ನೇ ಎತ್ತಬೇಕು. ಉಬ್ಬು ಗುಂಡಿಯ ಒಲೆಯಾಗಿದ್ದರೆ ಒಂದು ಒತ್ತಿಗೆ ಮುಗಿಯುತ್ತಿತ್ತು. ಅಡುಗೆಮನೆಗೆ ತಿರುಗಣೆ ಅಥವಾ ಗುಂಡಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಣ್ಣು ಮಂಜಾದವರ ಮಾತು ಇನ್ನೂ ನೋವಿನದು. ಹಳೇ ಗುಂಡಿ ಫೋನಿನಲ್ಲಿ 5ರ ಮೇಲೊಂದು ಚಿಕ್ಕ ಉಬ್ಬು ಇರುತ್ತದೆ. ಬೆರಳು ಅದನ್ನು ಹುಡುಕಿಕೊಂಡರೆ ಉಳಿದ ಅಂಕಿಗಳೆಲ್ಲ ತಾವೇ ಸಿಗುತ್ತವೆ. ನಮ್ಮ ಚಿಕ್ಕಮ್ಮ ಹಾಗೇ ಮಕ್ಕಳಿಗೆಲ್ಲ ತಾವೇ ಫೋನ್ ಮಾಡುತ್ತಿದ್ದರು. ಈಗಿನ ಫೋನು ಬೇಕೆಂದರೆ ಪರದೆಯನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಆದರೆ ನುಣ್ಣನೆಯ ಗಾಜಿನ ವಾಷಿಂಗ್ ಮೆಷಿನ್ ಅವರಿಗೆ ಏನನ್ನೂ ಹೇಳುವುದಿಲ್ಲ. ಬಟ್ಟೆ ಒಗೆಯಲು ಸೊಸೆ ಬರುವ ತನಕ ಕಾಯುತ್ತಾರೆ. ಜೀವಮಾನವಿಡೀ ಮನೆ ನಡೆಸಿದ ಹೆಂಗಸು ಒಂದು ಗುಂಡಿಯಿಲ್ಲದ ಕಾರಣಕ್ಕೆ ಪರಾಧೀನಳಾಗುವುದು ಸಣ್ಣ ವಿಷಯವಲ್ಲ.

ಕಾರು ಓಡಿಸುವವರಿಗೂ ಇದೇ ತೊಂದರೆ. ಗಾಜಿನಲ್ಲಿ ಗುಂಡಿ ಹುಡುಕಲು ಕಣ್ಣು ರಸ್ತೆ ಬಿಡಬೇಕು. ಕಾರುಗಳ ಸುರಕ್ಷತೆ ಅಳೆಯುವ ಯೂರೋ ಎನ್‌ಕ್ಯಾಪ್ ಸಂಸ್ಥೆ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ಗುಂಡಿ, ಲಿವರ್‌ಗಳಿಗೆ 2026ರಿಂದ ಅಂಕ ಕೊಡಲು ತೀರ್ಮಾನಿಸಿದ್ದು ಅದಕ್ಕೇ.

ಹಬ್ಬದ ರಿಯಾಯಿತಿಯಲ್ಲಿ ಏನನ್ನಾದರೂ ಕೊಳ್ಳಲು ಹೊರಟಿದ್ದರೆ ಅದನ್ನು ಬಳಸುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಬೆರಳು ಒದ್ದೆ ಮಾಡಿಕೊಂಡು ಮುಟ್ಟಿ ನೋಡಲಿ, ಕಣ್ಣು ಮುಚ್ಚಿ ಗುಂಡಿ ಹುಡುಕಲಿ. ಆಮೇಲೆ ಅಂಗಡಿಯವರಿಗೆ ವೈಫೈ ಆರಿಸಲು ಹೇಳಿ, ಪೆಟ್ಟಿಗೆ ಏನೇನು ಮಾಡುತ್ತದೆಂದು ನೋಡಿ. ದುಡ್ಡು ಕೊಡುವುದು ಅದಾದ ಮೇಲೆ.