ಹಗ್ಗಕ್ಕಿಂತ ಮೊದಲು ಮಾತು

ಕಲಘಟಗಿಯಿಂದ ಧಾರವಾಡದ ಮಾನಸಿಕ ಆಸ್ಪತ್ರೆಗೆ ಸುಮಾರು ಒಂದು ತಾಸಿನ ದಾರಿ. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಿಂದ ಇನ್ನೂ ದೂರ. ಮನೆಯಲ್ಲಿ ಒಬ್ಬರು ನಡುರಾತ್ರಿ ರೇಗೆದ್ದು ಕೈಗೆ ಸಿಕ್ಕಿದ್ದನ್ನು ಎಸೆಯತೊಡಗಿದರೆ ಆ ದಾರಿ ಸವೆಯುವುದೇ ಇಲ್ಲ. ಒಬ್ಬರು "ತಲಿ ಕೆಟ್ಟೈತಿ" ಅಂದರೆ ಇನ್ನೊಬ್ಬರು "ಗಾಳಿ ಬಡದೈತಿ" ಅನ್ನುತ್ತಾರೆ. ಕೊನೆಗೆ ನಾಲ್ಕು ಮಂದಿ ಹಿಡಿದು, ಕೈಕಾಲಿಗೆ ಹಗ್ಗ ಸುತ್ತಿ, ಸಿಕ್ಕ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ತರುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಮನೋವೈದ್ಯರು ಸಿಗುವುದು ಕಷ್ಟ. ಇರುವವರು ಡ್ಯೂಟಿ ಡಾಕ್ಟರು ಮತ್ತು ಸಿಸ್ಟರು. ಮುಂದಿನ ಕಾಲು ತಾಸು ಬಹುಮಟ್ಟಿಗೆ ಆ ಸಿಸ್ಟರ ಕೈಯಲ್ಲಿರುತ್ತದೆ.

ನೋಡುವವರಿಗೆ ಸಿಟ್ಟಾಗಿ ಕಾಣುವುದರ ಒಳಗೆ ಹೆಚ್ಚಿನ ಸಲ ಹೆದರಿಕೆ ಇರುತ್ತದೆ. ಯಾರೋ ಕೊಲ್ಲಲು ಬಂದಿದ್ದಾರೆಂದು ಕಿವಿಯಲ್ಲಿ ದನಿ ಕೇಳುತ್ತಿರುವಾಗ ನಾಲ್ಕು ಮಂದಿ ಬಂದು ಹಿಡಿದರೆ ಆ ಮನುಷ್ಯ ಮತ್ತೇನು ಮಾಡಿಯಾನು? ತರಬೇತಾದ ಸಿಸ್ಟರು ಮೊದಲು ಜನರನ್ನು ಹೊರಗೆ ಕಳಿಸುತ್ತಾರೆ. ಕತ್ತರಿ, ಸಲೈನ್ ಸ್ಟ್ಯಾಂಡು ಆಚೆ ಸರಿಸುತ್ತಾರೆ. ಎರಡು ತೋಳಿನಷ್ಟು ದೂರದಲ್ಲಿ, ತುಸು ಓರೆಯಾಗಿ, ಕೈ ಕಾಣುವಂತೆ ನಿಲ್ಲುತ್ತಾರೆ. ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಹೊರಹೋಗುವ ದಾರಿ ಇಬ್ಬರಿಗೂ ಕಾಣುತ್ತಿರಬೇಕು. ಮಾತಾಡುವವರು ಒಬ್ಬರೇ.

"ಅಣ್ಣಾರ, ನಾ ಇಲ್ಲಿ ಸಿಸ್ಟರ್. ಇಲ್ಲಿ ಯಾರೂ ನಿಮಗ ಬಡಿಯೂದಿಲ್ಲ. ಕುಂದರ್ತೀರೋ, ನಿಂತಿರ್ತೀರೋ? ನೀರ ಕುಡೀತೀರೇನು?"

ಪುಟ್ಟ ಮಾತುಗಳು, ಇಳಿದ ದನಿ. ಕೂರುವುದೋ ನಿಲ್ಲುವುದೋ ಎಂಬಷ್ಟು ಸಣ್ಣ ಆಯ್ಕೆ ಕೊಟ್ಟರೂ ಕೈತಪ್ಪಿದ ಹಿಡಿತ ರೋಗಿಗೆ ಕೊಂಚ ಮರಳುತ್ತದೆ. ರೋಗಿಗೆ ಕೇಳುವ ದನಿಯ ವಿಷಯದಲ್ಲಿ ವಾದಕ್ಕಿಳಿಯುವಂತಿಲ್ಲ, ಸುಳ್ಳು ಭರವಸೆಯನ್ನೂ ಕೊಡುವಂತಿಲ್ಲ. ಮುಷ್ಟಿ ಬಿಗಿಯುವುದು, ಹಲ್ಲು ಕಚ್ಚುವುದು, ಅತ್ತಿತ್ತ ತಿರುಗಾಡುವ ವೇಗ ಹೆಚ್ಚುವುದು ಕಂಡರೆ ಸಿಸ್ಟರು ಹಿಂದೆ ಸರಿದು ಸಹಾಯಕ್ಕೆ ಕರೆಯಬೇಕು. ಒಂಟಿಯಾಗಿ ಧೈರ್ಯ ತೋರಿಸುವ ಹೊತ್ತು ಅದಲ್ಲ.

ರೇಗಾಟಕ್ಕೆಲ್ಲ ಮನೋರೋಗವೇ ಕಾರಣವೂ ಅಲ್ಲ. ಸಕ್ಕರೆ ಇಳಿದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಜ್ವರ ಮಿದುಳಿಗೆ ಏರಿರಬಹುದು. ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ ಎರಡು-ಮೂರನೆಯ ದಿನ ಮೈ ನಡುಗಿ, ಇಲ್ಲದ್ದು ಕಂಡು ಕೂಗಾಡುತ್ತಾರೆ. ಹೊಲದ ಸೀಮೆಯ ಆಸ್ಪತ್ರೆಗಳಲ್ಲಿ ಇನ್ನೊಂದು ಸಂಗತಿ ಇದೆ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಬಂದವರಿಗೆ ಅಟ್ರೋಪಿನ್ ಕೊಡುತ್ತಾರೆ. ಅದು ಹೆಚ್ಚಾದರೆ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾರೆ, ಸಲೈನ್ ಕೀಳುತ್ತಾರೆ. ಒಣಗಿದ ನಾಲಗೆ, ಸುಡುವ ಮೈ, ಅರಳಿದ ಕಣ್ಣಿನ ಪಾಪೆ ನೋಡಿ ಡಾಕ್ಟರಿಗೆ ಮೊದಲು ತಿಳಿಸಬೇಕಾದವರು ಪಕ್ಕದಲ್ಲೇ ಇರುವ ಸಿಸ್ಟರು. ಇಂಥವರನ್ನು 'ಹುಚ್ಚು' ಎಂದು ಧಾರವಾಡಕ್ಕೆ ಸಾಗಹಾಕಿದರೆ ದಾರಿಯಲ್ಲೇ ಜೀವ ಹೋದೀತು.

ಮಾತಿಗೆ ಬಗ್ಗದಿದ್ದರೆ ಔಷಧಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 200 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೋರಾಜೆಪಾಮ್‌ಗಿಂತ ಹ್ಯಾಲೊಪೆರಿಡಾಲ್-ಪ್ರೊಮೆಥಜೀನ್ ಜೋಡಿ ಬೇಗ ಶಾಂತಗೊಳಿಸಿತ್ತು. ಸೂಜಿ ಚುಚ್ಚಿದಲ್ಲಿಗೆ ಕೆಲಸ ಮುಗಿಯದು. ಉಸಿರು, ಬಿಪಿ, ನಾಡಿ ನೋಡುತ್ತಿರಬೇಕು. ಹ್ಯಾಲೊಪೆರಿಡಾಲ್‌ನಿಂದ ಕೆಲವರಿಗೆ ಕತ್ತು ತಿರುಚಿ ಕಣ್ಣು ಮೇಲೆ ಸಿಕ್ಕಿಕೊಳ್ಳುವುದುಂಟು. ಮನೆಯವರಿಗೆ ಅದು ಗಾಳಿಯದೇ ಆಟವಾಗಿ ಕಾಣುತ್ತದೆ. ಆದರೆ ಅದು ಬೇರೊಂದು ಇಂಜೆಕ್ಷನ್‌ಗೆ ಇಳಿಯುತ್ತದೆ.

ಕಟ್ಟುವುದು ಕಟ್ಟಕಡೆಯದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟೇ ಹೊತ್ತು ಕಟ್ಟಬಹುದು. ಅದನ್ನು ದಾಖಲಿಸಿ, ರೋಗಿಯ ಪ್ರತಿನಿಧಿಗೆ 24 ತಾಸಿನೊಳಗೆ ತಿಳಿಸಬೇಕು. ಶಿಕ್ಷೆಗೆಂದಾಗಲಿ ಸಿಬ್ಬಂದಿ ಕಡಿಮೆ ಎಂದಾಗಲಿ ಕಟ್ಟುವಂತಿಲ್ಲ. ಕಟ್ಟಿದರೂ ಬೋರಲು ಮಲಗಿಸಬಾರದು, ಉಸಿರು ನಿಂತೀತು. ಪಟ್ಟಿಗೂ ಚರ್ಮಕ್ಕೂ ನಡುವೆ ಬೆರಳು ತೂರುತ್ತದೆಯೇ, ಉಗುರು ನೀಲಿಗಟ್ಟಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು, ನೀರು ಕುಡಿಸಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಆ ಸಾವುಗಳನ್ನು ದೇಶ ಮರೆಯಕೂಡದು.

ಅದೇ ಕಾಯ್ದೆಯ ಪ್ರಕಾರ ತುರ್ತು ಸಂದರ್ಭದಲ್ಲಿ ಯಾವ ನೋಂದಾಯಿತ ವೈದ್ಯರಾದರೂ 72 ತಾಸಿನವರೆಗೆ ಚಿಕಿತ್ಸೆ ಕೊಡಬಹುದು. ಹಾಗಾಗಿ ಕುಂದಗೋಳದ ತಾಲ್ಲೂಕು ಆಸ್ಪತ್ರೆಯಲ್ಲೇ ಶುರುವಾಗಬೇಕಾದ ಆರೈಕೆಗೆ ಧಾರವಾಡದ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ವರೆಗೆ ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಸಿಸ್ಟರುಗಳಿಗೆ ಈ ತರಬೇತಿ, ರಾತ್ರಿಪಾಳಿಗೆ ಇನ್ನೊಬ್ಬರ ಜೊತೆ, ಇವೆರಡನ್ನೂ ಸರ್ಕಾರ ಕೊಡಲೇಬೇಕು.

ಮರುದಿನ ರೋಗಿ ತಣ್ಣಗಾದ ಮೇಲೆ ಸಿಸ್ಟರು ಪಕ್ಕದಲ್ಲಿ ಕೂತು, ನಿನ್ನೆ ಏನು ಹೆದರಿಸಿತು, ಏನು ಮಾಡಿದ್ದರೆ ಚಲೋ ಇತ್ತು ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದಿಡಬೇಕು. ಮನೆಯವರಿಗೂ ಹೇಳಿಕೊಡಬೇಕು: ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ, ಗುಳಿಗೆ ಬಿಟ್ಟಿದ್ದರೆ, ಒಬ್ಬರೇ ಮಾತಾಡತೊಡಗಿದರೆ, ಕೂಗಾಟದವರೆಗೆ ಕಾಯದೆ ಹಳೆಯ ಗುಳಿಗೆ ಚೀಟಿ ಹಿಡಿದು ಆಸ್ಪತ್ರೆಗೆ ಬನ್ನಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.