ಗಾಲಿ ತಿರುಗಿಸಿ, ಕೊನೆಯವರೆಗೂ ಓದಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಾವು ಪಹಣಿಗೆ 'ಉತಾರ' ಅಂತೇವೆ. ಮೊದಲು ಉತಾರವನ್ನು ಕೈಯಿಂದ ಬರೆಯುತ್ತಿದ್ದರು. 2000ರ ಸುಮಾರಿಗೆ 'ಭೂಮಿ' ಯೋಜನೆ ಬಂತು. ಉತಾರ ಕಂಪ್ಯೂಟರ್ ಸೇರಿತು.

ಉತಾರದಲ್ಲಿ ಏನು ನೋಡಬೇಕು?
9ನೇ ಕಲಂ: ಹೊಲ ಯಾರ ಹೆಸರಿನಲ್ಲಿದೆ?
11ನೇ ಕಲಂ: ಸಾಲ ಇದೆಯೇ?
12ನೇ ಕಲಂ: ಯಾವ ಬೆಳೆ ಇದೆ?

ಕಂಪ್ಯೂಟರ್ ಪರದೆ ಚಿಕ್ಕದು. ಇಡೀ ಉತಾರ ಒಮ್ಮೆಲೇ ಕಾಣುವುದಿಲ್ಲ. ಕೆಳಗಿನದು ಅಡಗಿರುತ್ತದೆ. ಅದನ್ನು ಮೇಲೆ ತರುವುದು ಹೇಗೆ?

ಕಂಪ್ಯೂಟರ್ ಪಕ್ಕದಲ್ಲಿ ಮೌಸ್ ಇರುತ್ತದೆ. ಮೌಸ್ ಅಂದರೆ ಇಲಿ. ಅದರ ಬೆನ್ನ ಮೇಲೆ ಪುಟ್ಟ ಗಾಲಿ ಇದೆ. ಅದನ್ನು ತೋರುಬೆರಳಿನಿಂದ ನಿಮ್ಮ ಕಡೆ ತಿರುಗಿಸಿ. ಕೆಳಗಿನ ಸಾಲುಗಳು ಮೇಲೆ ಬರುತ್ತವೆ.

ಇದು ಹೇಗೆ ನಡೆಯುತ್ತದೆ? ಚಕ್ಕಡಿ ಗಾಲಿಯ ಅರಗಳ ನಡುವೆ ಬೆಳಕು ತೂರುತ್ತದಲ್ಲವೇ? ಕೆಲವು ಮೌಸ್‌ಗಳಲ್ಲೂ ಹಾಗೆಯೇ. ಗಾಲಿ ತಿರುಗಿದಾಗ ಒಳಗಿನ ಬೆಳಕು ಬಿಟ್ಟು ಬಿಟ್ಟು ಬೀಳುತ್ತದೆ. ಮೌಸ್ ಅದನ್ನು ಎಣಿಸಿ ಕಂಪ್ಯೂಟರಿಗೆ ತಿಳಿಸುತ್ತದೆ.

ಮೈಕ್ರೋಸಾಫ್ಟ್ ಕಂಪನಿ 1996ರಲ್ಲಿ ಗಾಲಿಯ ಮೌಸ್ ಮಾರಾಟಕ್ಕೆ ತಂದಿತು. ಆಗ ಗಾಲಿ ನಡೆಯಲು ಕಂಪ್ಯೂಟರಿಗೆ ಬೇರೆ ತಂತ್ರಾಂಶ ಹಾಕಬೇಕಿತ್ತು. ಈಗ ಆ ತ್ರಾಸಿಲ್ಲ. ವೈರ್ ಚುಚ್ಚಿದರೆ ಸಾಕು. 'ನಾನು ಮೌಸ್, ನನಗೆ ಗಾಲಿ ಇದೆ' ಎಂದು ಮೌಸೇ ಹೇಳುತ್ತದೆ. ಗಾಲಿ ತಾನಾಗಿಯೇ ಕೆಲಸ ಮಾಡುತ್ತದೆ.

ಗಾಲಿ ನಡೆಯದಿದ್ದರೆ ಹೀಗೆ ಮಾಡಿ:
1. ಬಾಣದ ಗುರುತನ್ನು ಉತಾರದ ಮೇಲೆ ತಂದು, ಎಡಗುಂಡಿ ಒಮ್ಮೆ ಒತ್ತಿ.
2. ವೈರ್ ಕಿತ್ತು, ಮತ್ತೆ ಚುಚ್ಚಿ.
3. ವೈರ್ ಇಲ್ಲದ ಮೌಸ್ ಆದರೆ ಸೆಲ್ ಬದಲಿಸಿ.
4. ಗಾಲಿಯ ಸಂದಿನ ಧೂಳು ಊದಿ ತೆಗೆಯಿರಿ.
5. ಆದರೂ ನಡೆಯದಿದ್ದರೆ ಹೆದರಬೇಡಿ. ಕೀಲಿಮಣೆಯಲ್ಲಿ ಕೆಳಮುಖದ ಬಾಣದ ಗುಂಡಿ ಇದೆ. ಅದನ್ನು ಒತ್ತಿ.

ಇಷ್ಟೆಲ್ಲ ಏಕೆ ಬೇಕು? ನೀವು ಗೋವಿನಜೋಳ ಬಿತ್ತಿದ್ದೀರಿ. ಉತಾರದಲ್ಲಿ ಹತ್ತಿ ಎಂದು ಬಿದ್ದಿದೆ. ಮಳೆ ಕೈಕೊಟ್ಟು ಬೆಳೆ ಹೋಯಿತು. ಆಗ ವಿಮೆಗೆ, ಪರಿಹಾರಕ್ಕೆ ತೊಡಕಾಗುತ್ತದೆ. ಮೇಲಿನ ನಾಲ್ಕು ಸಾಲು ಓದಿ ಎದ್ದು ಬಂದರೆ ಈ ತಪ್ಪು ಕಾಣುವುದೇ ಇಲ್ಲ.

ತಪ್ಪು ಕಂಡರೆ ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಮ್ಮ ತಲಾಟಿಯವರಿಗೆ, ಅರ್ಜಿ ಬರೆದು ಕೊಡಿ.

ಬೇರೆಯವರು ಕಂಪ್ಯೂಟರ್ ನಡೆಸುತ್ತಿದ್ದರೂ ಸುಮ್ಮನೆ ಕೂಡಬೇಡಿ. 'ಸ್ವಲ್ಪ ಕೆಳಗೆ ತೋರಿಸ್ರಿ, ನಾನೂ ಓದ್ತೇನಿ' ಅನ್ನಿ. ನಾವು ಅಕ್ಷರ ಕಲಿತದ್ದು ಇದಕ್ಕಾಗಿಯೇ ಅಲ್ಲವೇ?